ಮೇಲಿನೂರು, ನಮ್ಮೂರು, ಕೆಳಗಿನೂರು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಸೇರಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಹೆಚ್ಚು ಓದಿದವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆ ಹೊಲಕ್ಕಿಳಿದವನು. ಸಂಘದ ಇಪ್ಪತ್ತೈದು ವರ್ಷದ ಸಾಧನೆಯನ್ನು ಕಾರ್ಯದರ್ಶಿಯವರು ಈಗಾಗಲೇ ಅಂಕಿ ಅಂಶ ಸಮೇತ ಓದಿದ್ದಾರೆ. ನಾನು ಅದನ್ನೇ ಮತ್ತೆ ಹೇಳೋದಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಇಲ್ಲದ ಒಂದು ಹಸುವಿನ ವಿಷಯ ಹೇಳೋಕೆ ನಿಂತಿದೀನಿ. ಅದರ ಜೊತೆಗೆ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗಿದೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು ಅಂತ ವಿನಂತಿ.

2022ನೇ ಇಸವಿ ಸೆಪ್ಟೆಂಬರ್ 4, ಭಾನುವಾರ. ಗೌರಿ ಗಣೇಶ ಹಬ್ಬ ಕಳೆದು ನಾಲ್ಕೈದು ದಿನ ಆಗಿತ್ತು. ನಮ್ಮೂರ ಗಣಪತಿಯನ್ನು ಇನ್ನೂ ಬಿಟ್ಟಿರಲಿಲ್ಲ, ಪೆಂಡಾಲ್ ಹಾಗೇ ಇತ್ತು. ಆಗಸ್ಟ್ ಕೊನೆಯಲ್ಲಿ ಬಿದ್ದ ಮಳೆಗೇ ಕೆರೆಗಳೆಲ್ಲಾ ತುಂಬಿ ತುಳುಕುತ್ತಿದ್ದವು. ಆ ಭಾನುವಾರ ರಾತ್ರಿ ಹಿಡಿದ ಮಳೆ ನಿಮಗೆಲ್ಲಾ ನೆನಪಿರಬೇಕು. ಬೆಳಗಾಗುವ ಹೊತ್ತಿಗೆ ಬೆಂಗಳೂರಿನಲ್ಲಿ 131 ಮಿಲಿಮೀಟರ್ ದಾಟಿತ್ತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಮಾರತಹಳ್ಳಿ ಕಡೆಯೆಲ್ಲಾ ನೀರು ನಿಂತಿತು. ಕೋಟಿಗಟ್ಟಲೆ ಬೆಲೆಬಾಳುವ ಮನೆಗಳೊಳಗೆ ನೀರು ನುಗ್ಗಿ, ಕಾರುಗಳು ಮುಳುಗಿ, ಜನರನ್ನು ದೋಣಿಯಲ್ಲಿ ಹೊರಕ್ಕೆ ತಂದರು. ಕಂಪ್ಯೂಟರ್ ಕಂಪನಿಗೆ ಹೋಗುವ ಹುಡುಗ ಹುಡುಗಿಯರು ಬ್ಯಾಗು ಎದೆಗೊತ್ತಿಕೊಂಡು ಟ್ರಾಕ್ಟರ್ ಟ್ರೇಲರ್ ಮೇಲೆ ನಿಂತು ಕೆಲಸಕ್ಕೆ ಹೋದರು. ಆ ಚಿತ್ರ ದೇಶವೆಲ್ಲಾ ನೋಡಿತು. ನಮ್ಮ ಟ್ರಾಕ್ಟರಿಗೆ ಇಂಥಾ ಮರ್ಯಾದೆ ಬಂತಲ್ಲಾ ಅಂತ ನಾವೂ ನಕ್ಕೆವು.

ಆದರೆ ನಮ್ಮೂರಲ್ಲಿ ಆ ರಾತ್ರಿ ಏನಾಯ್ತು ಅಂತ ಯಾವ ಪೇಪರಿನಲ್ಲೂ ಬರಲಿಲ್ಲ. ಮೇಲಿನೂರ ಕೆರೆ ಕೋಡಿ ಬಿತ್ತು. ಆ ನೀರು ನಮ್ಮ ಕೆರೆಗೆ ಬಂತು, ನಮ್ಮದೂ ಕೋಡಿ ಬಿತ್ತು. ರಾತ್ರಿ ಒಂದೂವರೆ ಎರಡು ಗಂಟೆ ಹೊತ್ತಿಗೆ ಕಾಲುವೆ ಕಟ್ಟಿಕೊಂಡು ನೀರು ಕೆಳಗಿನ ಬೀದಿಗೆ ತಿರುಗಿತು. ಆ ಬೀದಿಯ ಕೊನೇ ಮನೆಯಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬರಿದ್ದಾರೆ. ನನಗೆ ವರಸೆಯಲ್ಲಿ ಅತ್ತೆ ಆಗಬೇಕು. ಗಂಡ ಇಲ್ಲ. ಎರಡು ಸೀಮೆಹಸು ಕಟ್ಟಿಕೊಂಡು, ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲಿ ಸಂಸಾರ ತೂಗಿಸುವವರು. ಅವರ ಕೊಟ್ಟಿಗೆಗೆ ಎದೆಮಟ್ಟ ನೀರು ನುಗ್ಗಿತು. ಒಂದು ಹಸುವಿನ ಹಗ್ಗ ಹೇಗೋ ಕಿತ್ತುಕೊಂಡಿತು, ಅದು ಉಳಿಯಿತು. ಇನ್ನೊಂದು ಏಳು ತಿಂಗಳ ಗಬ್ಬ. ಅದರ ಹಗ್ಗ ಗಟ್ಟಿಯಾಗಿತ್ತು, ಗೂಟವೂ ಗಟ್ಟಿಯಾಗಿತ್ತು. ಕಟ್ಟಿದ ಜಾಗದಲ್ಲೇ ಮುಳುಗಿ ಸತ್ತಿತು.

ಬೆಳಿಗ್ಗೆ ಆರೂವರೆಗೆ ಆಯಮ್ಮ ಉಳಿದ ಒಂದು ಹಸುವಿನ ಹಾಲನ್ನು ಚೊಂಬಿನಲ್ಲಿ ತಂದು ಡೈರಿ ಮುಂದೆ ಸಾಲಿನಲ್ಲಿ ನಿಂತಿದ್ದರು. ಸೀರೆ ಇನ್ನೂ ಒದ್ದೆ. ನಾನು ಹತ್ತಿರ ಹೋಗಿ ನಿಂತೆ, ಮಾತು ಹೊರಡಲಿಲ್ಲ. ಅವರೇ, "ನೀನೇನ್ ಮಾಡ್ತೀಯಪ್ಪಾ, ಮಳೆ" ಅಂದರು. ಆ ದಿನ ರಸ್ತೆ ಮೇಲೆ ನೀರಿದ್ದುದರಿಂದ ಹಾಲಿನ ವ್ಯಾನೂ ಬರಲಿಲ್ಲ. ಅವರು ತಂದ ಆ ಒಂದು ಚೊಂಬು ಹಾಲೂ ಕೆಟ್ಟುಹೋಯಿತು.

"ನೀನೇನ್ ಮಾಡ್ತೀಯ" ಅಂದರಲ್ಲ, ನಾನು ಏನು ಮಾಡಿದ್ದೆ ಅನ್ನೋದು ನನಗೆ ಗೊತ್ತಿತ್ತು. ಇಲ್ಲಿವರೆಗೆ ಸಭೆಯಲ್ಲಿ ಹೇಳಿರಲಿಲ್ಲ, ಇವತ್ತು ಹೇಳ್ತೀನಿ.

ನಮ್ಮ ಹೊಲದ ಅಂಚಿನಲ್ಲಿ ಕೋಡಿ ಕಾಲುವೆ ಹೋಗುತ್ತೆ. ನಾನು ಹುಡುಗನಾಗಿದ್ದಾಗ ಅದರೊಳಗೆ ಎತ್ತು ಇಳಿಸಿ ಮೈ ತೊಳೀತಿದ್ದೆವು, ಅಷ್ಟು ಅಗಲ ಇತ್ತು. ಆಮೇಲೆ ಹಸು ಜಾಸ್ತಿಯಾದವು, ಹುಲ್ಲಿಗೆ ಜಾಗ ಸಾಲಲಿಲ್ಲ. ಒಂದು ಬೇಸಿಗೆಯಲ್ಲಿ ಜೆಸಿಬಿ ತರಿಸಿ ಕಾಲುವೆಗೆ ಮಣ್ಣು ತುಂಬಿ, ಎರಡು ಅಡಿಯ ಒಂದು ಸಿಮೆಂಟು ಪೈಪು ಹಾಕಿ, ಮೇಲೆ ನೇಪಿಯರ್ ಹುಲ್ಲು ನೆಟ್ಟೆ. ಸಿಕ್ಕಿದ್ದು ಎರಡು ಗುಂಟೆ. ಬೇಸಿಗೆಯಲ್ಲಿ ನೀರೇ ಇಲ್ಲದ ಕಾಲುವೆಗೆ ಈ ಪೈಪು ಧಾರಾಳವಾಯ್ತು ಅಂತ ನನಗೆ ನಾನೇ ಹೇಳಿಕೊಂಡೆ. ಆ ರಾತ್ರಿ ಹೊಳೆಯಂಥಾ ನೀರು ಎರಡು ಅಡಿ ಪೈಪಿನೊಳಗೆ ಹೋಗದೆ ಕೆಳಗಿನ ಬೀದಿಗೆ ದಾರಿ ಹಿಡಿಯಿತು. ಎರಡು ಗುಂಟೆ ಹುಲ್ಲಿಗೆ ಒಂದು ಗಬ್ಬದ ಹಸು.

ಇನ್ನೂ ಒಂದಿದೆ. ಭಾರೀ ಮಳೆಯ ಮುನ್ಸೂಚನೆ ಸಂಜೆಯೇ ನನ್ನ ಮೊಬೈಲಿಗೆ ಬಂದಿತ್ತು. ನೋಡಿದೆ. ದಿನಾ ಬರುತ್ತೆ ಇಂಥವು ಅಂತ ಪಕ್ಕಕ್ಕಿಟ್ಟೆ. ಸಂಜೆ ಹಾಲು ಹಾಕೋಕೆ ಊರೆಲ್ಲಾ ಡೈರಿಗೆ ಬಂದಿತ್ತು, ನಾನೂ ಅಲ್ಲೇ ಇದ್ದೆ. "ಇವತ್ತು ರಾತ್ರಿ ಕೆಳಗಿನ ಬೀದಿಯವರು ಹುಷಾರು" ಅಂತ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ.

ಆ ಹಸುವಿಗೆ ಕಿವಿಯೋಲೆ ಇರಲಿಲ್ಲ, ವಿಮೆಯೂ ಇರಲಿಲ್ಲ. ವಾಸನೆ ಬರುತ್ತೆ ಅಂತ ನಾವೇ ಗಂಡಸರು ಸೇರಿ ಮಧ್ಯಾಹ್ನದೊಳಗೆ ಹೂತುಬಿಟ್ಟೆವು. ವೈದ್ಯರು ನೋಡಲಿಲ್ಲ, ಪಂಚನಾಮೆ ಆಗಲಿಲ್ಲ, ಒಂದು ಫೋಟೋ ಕೂಡ ತೆಗೆಯಲಿಲ್ಲ. 2022-23ರಿಂದ 2025-26ರವರೆಗೆ ಅಂತ ಮಾಡಿದ ಕೇಂದ್ರದ ನಿಯಮದಲ್ಲಿ ಪ್ರವಾಹದಲ್ಲಿ ಸತ್ತ ಹಾಲು ಕೊಡುವ ಹಸುವಿಗೆ 37,500 ರೂಪಾಯಿ ಪರಿಹಾರ ಇತ್ತು. ಆಯಮ್ಮನಿಗೆ ಬಿಡಿಗಾಸೂ ಸಿಗಲಿಲ್ಲ, ಯಾಕೆಂದರೆ ಹಸು ಸತ್ತಿದ್ದಕ್ಕೆ ದಾಖಲೆಯೇ ಇಲ್ಲ. ನನ್ನ ಕೊಟ್ಟಿಗೆಯಿಂದ ಒಂದು ಹೆಣ್ಣುಗರು ಹೊಡೆದುಕೊಂಡು ಹೋಗಿ ಅವರಿಗೆ ಕೊಟ್ಟೆ. ಆದರೆ ಕರು ಬೆಳೆದು ಈದು ಹಾಲು ಕೊಡೋಕೆ ಎರಡೂವರೆ ಮೂರು ವರ್ಷ ಬೇಕು. ಆ ಮೂರು ವರ್ಷದ ಬಟವಾಡೆ ಯಾರು ಕೊಡ್ತಾರೆ?

ಬಂಧುಗಳೆ, ಇದನ್ನು ಮರುಕ ಹುಟ್ಟಿಸೋಕೆ ಹೇಳಲಿಲ್ಲ. ಅನಾಹುತ ಅನ್ನೋದು ಮಳೆಯಿಂದ ಮಾತ್ರ ಆಗೋದಲ್ಲ ಅಂತ ಹೇಳೋಕೆ ಹೇಳಿದೆ. ಮಳೆ ದೇವರ ಕೈಲಿದೆ. ಕಾಲುವೆ, ಮುನ್ನೆಚ್ಚರಿಕೆ, ಹಗ್ಗದ ಗಂಟು, ಕಿವಿಯೋಲೆ ಈ ನಾಲ್ಕೂ ನಮ್ಮ ಕೈಲಿದ್ದವು.

ಈಗ ನೀರಿನ ದಾರಿ ಸ್ವಲ್ಪ ನೋಡೋಣ. ನಮ್ಮ ಬೆಂಗಳೂರು ಪೂರ್ವದಲ್ಲಿ ಯಾವ ಕೆರೆಯೂ ಒಂಟಿಯಲ್ಲ. ಹಿರಿಯರು ಸರ ಪೋಣಿಸಿದ ಹಾಗೆ ಕಟ್ಟಿದ್ದಾರೆ. ಒಂದು ಸರ ಹೆಬ್ಬಾಳದಿಂದ ಹೊರಟು ನಾಗವಾರದ ಕಡೆಯಿಂದ ಕಲ್ಕೆರೆ, ರಾಂಪುರ ದಾಟಿ ಹಳೇ ಮದ್ರಾಸ್ ರಸ್ತೆ ಪಕ್ಕದ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಬರುತ್ತೆ. ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದ ಒಬ್ಬ ಶೆಟ್ಟರು ಕಟ್ಟಿಸಿದ ಕೆರೆ ಅದು, ಇವತ್ತಿಗೂ ಅವರ ಹೆಸರಲ್ಲೇ ಇದೆ. ಇನ್ನೊಂದು ಸರ ಹಲಸೂರು ಕೆರೆ ಕಡೆಯಿಂದ ದೊಮ್ಮಲೂರು, ಚಲ್ಲಘಟ್ಟದ ಕಣಿವೆ ಹಿಡಿದು ಬೆಳ್ಳಂದೂರಿಗೆ ಇಳಿದು, ಅಲ್ಲಿಂದ ವರ್ತೂರಿಗೆ ಹೋಗುತ್ತೆ. ಎರಡು ಸರದ ನೀರೂ ಕೊನೆಗೆ ಸೇರೋದು ದಕ್ಷಿಣ ಪಿನಾಕಿನಿಗೆ. ಆ ಹೊಳೆ ತಮಿಳುನಾಡಿನ ಹೊಸೂರು, ಕೃಷ್ಣಗಿರಿ ಕಡೆ ಹರಿಯುತ್ತೆ. ಅಂದರೆ ಹಲಸೂರಿನ ಬೀದಿಯಲ್ಲಿ ಬಿದ್ದ ಹನಿ ನೀರು ಹೊಸೂರಿನ ರೈತನ ಹೊಲದವರೆಗೆ ಲೆಕ್ಕಕ್ಕೆ ಬರುತ್ತೆ.

ಹಿಂದೆ ಈ ಸರ ಕಾಯೋಕೆ ಜನ ಇದ್ದರು. ತೂಬು ಎತ್ತೋಕೆ, ಇಳಿಸೋಕೆ ನೀರಗಂಟಿ. ಮಳೆಗಾಲದ ರಾತ್ರಿ ಕೆರೆ ಏರಿ ಮೇಲೆ ಕಂದೀಲು ಹಿಡಿದು ತಿರುಗೋನು ಅವನೇ. ಏರಿಯಲ್ಲಿ ಬಿಲ ಬಿದ್ದಿದೆಯಾ, ನೀರು ಜಿನುಗುತ್ತಿದೆಯಾ ನೋಡೋನು. ಅಪಾಯ ಅಂದರೆ ತಮಟೆ ಬಾರಿಸಿ ಊರಿಗೆ ಸಾರೋರು. ಬೇಸಿಗೆಯಲ್ಲಿ ಮನೆಗೊಂದಾಳು ಬಂದು ಹೂಳೆತ್ತಬೇಕು. ಆ ಹೂಳೇ ಹೊಲಕ್ಕೆ ಗೊಬ್ಬರ. ಇದನ್ನು ನಮ್ಮ ತಾತಂದಿರು ಸರ್ಕಾರದ ಯೋಜನೆ ಅಂತ ಮಾಡಲಿಲ್ಲ, ಬದುಕು ಅಂತ ಮಾಡಿದರು.

ಇವತ್ತು ಏನಾಗಿದೆ? ಒಂದು, ಮೇಲೆ ಎಲ್ಲಾ ಕಾಂಕ್ರೀಟು. ಮಣ್ಣಿಗೆ ಇಂಗಿ ನಿಧಾನವಾಗಿ ಬರುತ್ತಿದ್ದ ನೀರು ಈಗ ಗಂಟೆ ಎರಡು ಗಂಟೆಯಲ್ಲಿ ನುಗ್ಗುತ್ತೆ. ಎರಡು, ಹಿಂದೆ ಬೇಸಾಯಕ್ಕೆ ನೀರು ಬಿಟ್ಟು ಬಿಟ್ಟು ಮಳೆಗಾಲದ ಹೊತ್ತಿಗೆ ಕೆರೆ ಬರಿದಾಗುತ್ತಿತ್ತು, ಹೊಸ ನೀರಿಗೆ ಜಾಗ ಇರುತ್ತಿತ್ತು. ಈಗ ಪಟ್ಟಣದ ಕೊಳಚೆ ವರ್ಷವಿಡೀ ಬಂದು ಕೆರೆ ಸದಾ ತುಂಬಿರುತ್ತೆ. ತುಂಬಿದ ಬಿಂದಿಗೆಗೆ ಇನ್ನೊಂದು ಬಿಂದಿಗೆ ಸುರಿದರೆ ಏನಾಗುತ್ತೋ ಅದೇ ಆಗುತ್ತೆ. ಮೂರು, ಕಾಲುವೆ ನಾನು ಮಾಡಿದ ಹಾಗೆ ಎಲ್ಲರೂ ಮಾಡಿದ್ದಾರೆ. ನಾನು ಹುಲ್ಲು ನೆಟ್ಟೆ, ಕೆಲವರು ಮನೆ ಕಟ್ಟಿದರು, ಕೆಲವರು ಬಡಾವಣೆಯನ್ನೇ ಮಾಡಿದರು. ಹೊರಮಾವು ಹತ್ತಿರದ ಸಾಯಿ ಲೇಔಟಿನಲ್ಲಿ 2025ರ ಮೇ 18ರ ರಾತ್ರಿಯ ಮಳೆಗೆ ಮನೆಗಳೊಳಗೆ ನೀರು ನಿಂತಿದ್ದನ್ನು ಟಿವಿಯಲ್ಲಿ ನೋಡಿದೀರಿ. ಅಲ್ಲಿ ರೈಲು ಹಳಿಯ ಕೆಳಗೆ ನೀರು ಹೋಗೋ ಮೋರಿ ಕಿರಿದು. ನನ್ನ ಪೈಪಿನ ಕಥೆಯೇ, ಸ್ವಲ್ಪ ದೊಡ್ಡದಾಗಿ.

ನೀರು ಮಾತ್ರವಲ್ಲ, ಕೊಳಚೆ ಸೇರಿ ಸೇರಿ 2015ರಲ್ಲಿ, ಆಮೇಲೆ 2017ರಲ್ಲಿ, 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. ಆರಿಸೋಕೆ ಸೈನಿಕರು ಬರಬೇಕಾಯ್ತು. ಕೆರೆಗೆ ಬೆಂಕಿ ಬೀಳುತ್ತೆ ಅಂತ ನಮ್ಮ ತಾತನಿಗೆ ಹೇಳಿದ್ದರೆ ನಗುತ್ತಿದ್ದ.

ಇನ್ನು ಗಡಿಯ ಮಾತು. ಒಂದೇ ಕಾಲುವೆಯ ಒಂದು ತುದಿ ನಗರ ಪಾಲಿಕೆಗೆ, ನಡುವಿನದು ಒಂದು ಪಂಚಾಯ್ತಿಗೆ, ಕೆಳಗಿನದು ಇನ್ನೊಂದಕ್ಕೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾದವು. ಹೆಬ್ಬಾಳ ಒಂದರಲ್ಲಿ, ಕೆ.ಆರ್. ಪುರ ಇನ್ನೊಂದರಲ್ಲಿ. ಸ್ವಲ್ಪ ಮುಂದೆ ಹೋದರೆ ಹೊಸಕೋಟೆ ತಾಲ್ಲೂಕು, ಅದು ಬೇರೆಯೇ ಜಿಲ್ಲೆ. ಅರ್ಜಿ ಹಿಡಿದು ಹೋದರೆ "ನಿಮ್ಮ ಕಾಲುವೆ ನಮ್ಮ ವ್ಯಾಪ್ತಿಗೆ ಬರಲ್ಲ" ಅಂತಾರೆ. ಅವರ ಮಾತೂ ಸುಳ್ಳಲ್ಲ. ಆದರೆ ನೀರು ವ್ಯಾಪ್ತಿ ಕೇಳಿ ಹರಿಯೋದಿಲ್ಲವಲ್ಲ!

ಇದು ಹೊಸದೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆಗ ಊರು ಎರಡಾಗಿತ್ತು. ಶಿವಾಜಿನಗರ, ಹಲಸೂರು ಇರುವ ದಂಡು ಬ್ರಿಟಿಷರ ಕೈಯಲ್ಲಿ, ಪೇಟೆ ಮೈಸೂರು ಸಂಸ್ಥಾನದ ಕೈಯಲ್ಲಿ. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಇಲಿಗೆ ದಂಡು ಯಾವುದು ಪೇಟೆ ಯಾವುದು ಗೊತ್ತೇ? ಎರಡೂ ಕಡೆ ಜನ ಸತ್ತರು. ಹಳ್ಳಿಗಳಲ್ಲಿ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಆ ಪಿಡುಗಿನ ಪಾಠದಿಂದಲೇ ದಂಡಿನ ಆಚೆ ಫ್ರೇಜರ್ ಟೌನ್ ಅಂತ ಗಾಳಿ ಬೆಳಕಿನ ಬಡಾವಣೆ ಆಯ್ತು. ದಂಡು, ಪೇಟೆ ಎರಡೂ ಒಂದೇ ಕಾರ್ಪೊರೇಷನ್ ಆಗೋಕೆ 1949ರವರೆಗೆ ಕಾಯಬೇಕಾಯ್ತು. ಆ ದಂಡಿನ ರಸೆಲ್ ಮಾರ್ಕೆಟಿಗೆ ನಮ್ಮಪ್ಪ ಸೈಕಲ್ಲಿನಲ್ಲಿ ಸೊಪ್ಪಿನ ಕಟ್ಟು ಹೊತ್ತು ಹೋಗುತ್ತಿದ್ದರು. ಇವತ್ತು ನಾವು ಹಾಕಿದ ಹಾಲು ಅದೇ ದಂಡಿನಲ್ಲೂ ಇಂದಿರಾನಗರದಲ್ಲೂ ಕಾಫಿಗೆ ಬೀಳುತ್ತೆ. ನಾವು ಮುಳುಗಿದ ದಿನ ಅವರ ಕಾಫಿಗೂ ತೊಂದರೆ. ಊರು ಪಟ್ಟಣ ಅಂತ ಬೇರೆ ಬೇರೆ ಅಂದುಕೊಂಡರೂ ಕಷ್ಟ ಒಂದೇ.

ಬೇರೆ ಕಡೆಯವರು ಏನು ಮಾಡಿದ್ದಾರೆ ಅಂತ ಒಂದೆರಡು ಮಾತು. 1999ರ ಅಕ್ಟೋಬರಿನಲ್ಲಿ ಒಡಿಶಾದಲ್ಲಿ ದೊಡ್ಡ ಚಂಡಮಾರುತ ಬಂದು ಸುಮಾರು ಹತ್ತು ಸಾವಿರ ಜನ ಸತ್ತರು. ಆಮೇಲೆ ಅವರು ಕಡಲ ತೀರದಲ್ಲಿ ಗಟ್ಟಿ ಆಸರೆ ಕಟ್ಟಡಗಳನ್ನು ಕಟ್ಟಿ, ಅದನ್ನು ನೋಡಿಕೊಳ್ಳೋಕೆ ಆಯಾ ಊರಲ್ಲೇ ಸಮಿತಿ ಮಾಡಿದರು. ಹುಡುಗರಿಗೆ, ಹೆಂಗಸರಿಗೆ ತರಬೇತಿ ಕೊಟ್ಟರು. ಯಾರು ಯಾವ ಮನೆ ಬಾಗಿಲು ತಟ್ಟಬೇಕು ಅಂತ ಮುಂಚೆಯೇ ಹಂಚಿಕೊಂಡರು. 2013ರಲ್ಲಿ ಫೈಲಿನ್ ಅನ್ನೋ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿ ಸಾಗಿಸಿದರು. ಸಾವಿರಗಳ ಲೆಕ್ಕದಲ್ಲಿದ್ದ ಸಾವು ಹತ್ತುಗಳ ಲೆಕ್ಕಕ್ಕೆ ಇಳಿಯಿತು. ತಯಾರಿ ಹೆಚ್ಚಾಗಿತ್ತು. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಬಂದು ಸಾವಿರಾರು ಜನರನ್ನು ಎತ್ತಿದರು. ಯಾರ ಕೈಯಲ್ಲಿ ಏನಿದೆಯೋ ಅದೇ ಆಯುಧ. ಅವರಿಗೆ ದೋಣಿ, ನಮಗೆ ಟ್ರಾಕ್ಟರ್.

ಹಾಗಾದರೆ ನಮ್ಮ ಹಾಲಿನ ಸಂಘಕ್ಕೆ ಇದರಲ್ಲೇನು ಕೆಲಸ ಅಂತ ಕೆಲವರು ಕೇಳಬಹುದು. ಫ್ಯಾಟು ನೋಡಿ ದುಡ್ಡು ಕೊಟ್ಟರೆ ಸಾಕಲ್ಲವೇ ಅಂತ. ನೋಡಿ, ಗ್ರಾಮಸಭೆ ವರ್ಷಕ್ಕೆ ಒಂದೆರಡು ಸಲ. ಜಾತ್ರೆ ವರ್ಷಕ್ಕೊಂದು ಸಲ. ನಮ್ಮ ಡೈರಿ ಮುಂದೆ ಊರು ದಿನಕ್ಕೆ ಎರಡು ಸಲ ಸೇರುತ್ತೆ. ಯಾರ ಮನೆಯಿಂದ ಹಾಲು ಬಂದಿಲ್ಲ ಅಂದರೆ ಆ ಮನೆಯಲ್ಲಿ ಏನೋ ತೊಂದರೆ ಅಂತ ಏಳು ಗಂಟೆಗೇ ಗೊತ್ತಾಗುತ್ತೆ. ಇಂಥಾ ವ್ಯವಸ್ಥೆ ಯಾವ ಇಲಾಖೆಗೂ ಇಲ್ಲ. ಸಾಲದ ಸುಳಿಯಿಂದ ರೈತರನ್ನು ಬಿಡಿಸಬೇಕು ಅಂತ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅವತ್ತಿನ ಅನಾಹುತ ಸಾಲ. ಇವತ್ತು ಸಾಲದ ಜೊತೆ ನೀರು, ಸಿಡಿಲು, ಬರ, ಬೆಂಕಿ. ಒಬ್ಬನಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡೋದೇ ಸಹಕಾರ ಅನ್ನೋದಾದರೆ, ಇದೂ ನಮ್ಮ ಕೆಲಸವೇ.

ನಾನು ಏನು ಮಾಡಿದೆ ಅಂತ ಹೇಳಿ ಆಮೇಲೆ ನಿಮ್ಮನ್ನು ಕೇಳ್ತೀನಿ. 2023ರ ಬೇಸಿಗೆಯಲ್ಲಿ ಹುಲ್ಲು ಕಿತ್ತು, ಪೈಪು ತೆಗೆಸಿ, ಕಾಲುವೆ ಮೊದಲಿನ ಅಗಲಕ್ಕೆ ಬಿಡಿಸಿದೆ. ಮನೆಯಲ್ಲಿ ಬೈದರು. "ಊರಿಗೆಲ್ಲಾ ಇಲ್ಲದ ಧರ್ಮ ನಿಮಗೊಬ್ಬರಿಗೆ ಯಾಕೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಮೇಲಿನೂರಿಗೆ ಹೋದೆ. ಅಲ್ಲಿಯ ಡೈರಿ ಕಾರ್ಯದರ್ಶಿ ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವರು. "ನಿಮ್ಮ ಕೆರೆ ಕೋಡಿ ಬೀಳೋ ಹಾಗಿದ್ದರೆ ನನಗೊಂದು ಫೋನ್ ಮಾಡಣ್ಣಾ" ಅಂದೆ. ಅವರು ನಕ್ಕು, "ಕೋಡಿ ವಿಚಾರದಲ್ಲಿ ನಮ್ಮೂರಿಗೂ ನಿಮ್ಮೂರಿಗೂ ನಮ್ಮಪ್ಪನ ಕಾಲದಿಂದ ಜಗಳ. ಈಗ ಫೋನ್ ಮಾಡಬೇಕಾ?" ಅಂದರು. ಟೀ ತರಿಸಿದರು. ಮಾಡ್ತೀನಿ ಅಂತ ಒಪ್ಪಿಕೊಂಡರು. ನಾನು ಎದ್ದು ಹೊರಡುವಾಗ ಒಂದು ಮಾತು ಕೇಳಿದರು: "ಸರಿ, ನಾನು ನಿಮಗೆ ಹೇಳ್ತೀನಿ. ನೀವು ಕೆಳಗಿನೂರಿಗೆ ಹೇಳ್ತೀರಾ?"

ಬಂಧುಗಳೆ, ಆವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಮೇಲಿನವರು ನಮಗೆ ಅನ್ಯಾಯ ಮಾಡ್ತಾರೆ ಅಂತ ಅಷ್ಟು ವರ್ಷ ಕೂಗಾಡಿದ ನಾವು, ನಾವೂ ಯಾರಿಗೋ ಮೇಲಿನೂರು ಅನ್ನೋದನ್ನ ಮರೆತುಬಿಟ್ಟಿದ್ದೆವು. ಅವತ್ತೇ ಸಂಜೆ ಕೆಳಗಿನೂರಿಗೆ ಹೋದೆ.

2025ರ ಮೇ 18, ಅದೂ ಭಾನುವಾರವೇ. ರಾತ್ರಿ ಮೇಲಿನೂರಿಂದ ಫೋನು ಬಂತು: "ನೀರು ಕೋಡಿಗೆ ಒಂದು ಗೇಣು ಇದೆ, ಎದ್ದೇಳಿ." ನಮ್ಮ ಹುಡುಗರು ಕೆಳಗಿನ ಬೀದಿಯ ಬಾಗಿಲುಗಳನ್ನು ತಟ್ಟಿದರು. ಹಸು ಕರುಗಳನ್ನು ಬಿಚ್ಚಿ ಶಾಲೆ ಮೈದಾನಕ್ಕೆ ಹೊಡೆದರು. ನಾನು ಕೆಳಗಿನೂರಿಗೆ ಫೋನ್ ಮಾಡಿದೆ. ಆ ರಾತ್ರಿ ಕೆಳಗಿನ ಬೀದಿಗೆ ಮೊಣಕಾಲುದ್ದ ನೀರು ಬಂದದ್ದು ನಿಜ. ಕೆಲವು ಮೂಟೆ ಫೀಡು ನೆನೆಯಿತು. ಒಂದು ಜೀವ ಹೋಗಲಿಲ್ಲ. ಆಯಮ್ಮನ ಮನೆಯಲ್ಲಿ ನಾನು ಕೊಟ್ಟ ಕರು ಆ ಹೊತ್ತಿಗೆ ಗಬ್ಬವಾಗಿತ್ತು. ಅದೂ ಮೈದಾನದಲ್ಲಿ ನಿಂತು ಮೆಲುಕು ಹಾಕುತ್ತಿತ್ತು.

ಇದು ನಾಲ್ಕು ಜನರ ಸ್ನೇಹದ ಮೇಲೆ ನಡೆದ ಕೆಲಸ. ನಾಳೆ ನಾನು ಊರಲ್ಲಿ ಇಲ್ಲದಿದ್ದರೆ, ಮೇಲಿನೂರಿನ ಆ ಅಣ್ಣ ಕೆಲಸ ಬಿಟ್ಟರೆ ನಿಂತುಹೋಗುತ್ತೆ. ಅದಕ್ಕೇ ಇದು ಸಂಘದ ಕೆಲಸ ಆಗಬೇಕು, ನಡಾವಳಿ ಪುಸ್ತಕದಲ್ಲಿ ಬರಬೇಕು ಅಂತ ಈ ಬೆಳ್ಳಿಹಬ್ಬದ ಸಭೆ ಮುಂದೆ ಐದು ಬೇಡಿಕೆ ಇಡ್ತೀನಿ.

ಮೊದಲನೆಯದು, ಪ್ರತಿ ವರ್ಷ ಯುಗಾದಿ ಕಳೆದ ಮೇಲೆ, ಮುಂಗಾರಿಗೆ ಮುಂಚೆ ಮೂರೂ ಊರಿನ ಸಂಘಗಳ ಸದಸ್ಯರು ಒಟ್ಟಿಗೆ ಕಾಲುವೆ ಉದ್ದಕ್ಕೂ ನಡೆಯಬೇಕು. ಎಲ್ಲೆಲ್ಲಿ ಕಟ್ಟಿಕೊಂಡಿದೆ ಅಂತ ಗುರುತು ಹಾಕಬೇಕು. ನಮ್ಮೂರ ಎಲ್ಲೆಯಲ್ಲಿ ನನ್ನದಲ್ಲದೆ ಇನ್ನೂ ಹನ್ನೊಂದು ಕಡೆ ಕಾಲುವೆ ಕಿರಿದಾಗಿದೆ. ಯಾರದು ಅಂತ ನಾನು ಹೇಳೋದಿಲ್ಲ, ಅವರವರಿಗೆ ಗೊತ್ತು. ನನ್ನ ಹೆಸರು ಮಾತ್ರ ಹೇಳಿದೀನಿ. ಬಿಡಿಸೋ ಜೆಸಿಬಿ ಖರ್ಚಿನಲ್ಲಿ ಅರ್ಧ ಸಂಘ ಕೊಡಲಿ.

ಎರಡನೆಯದು, ಮಳೆ ಸುದ್ದಿ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ರಾಜ್ಯದ ಪಂಚಾಯ್ತಿಗಳಲ್ಲಿ ಮಳೆ ಅಳೆಯೋ ಯಂತ್ರ ಇಟ್ಟಿದ್ದಾರೆ. ವರುಣಮಿತ್ರ ಅಂತ ಅವರ ಸಹಾಯವಾಣಿ ಇದೆ, ರೈತರು ಕೇಳಿದರೆ ಮಳೆ ವಿಷಯ ಹೇಳ್ತಾರೆ. ಸಿಡಿಲಿಗೆ ದಾಮಿನಿ ಅಂತ ಮೊಬೈಲಿನಲ್ಲಿ ಒಂದು ಆ್ಯಪ್ ಇದೆ. ಇವೆಲ್ಲಾ ನಮ್ಮ ಜೇಬಿನಲ್ಲಿದ್ದು ಪ್ರಯೋಜನವಿಲ್ಲ. ಸಂಜೆ ಹಾಲು ತಗೊಳ್ಳೋ ಹೊತ್ತಿಗೆ ಹಾಲು ಪರೀಕ್ಷಕರು ಆ ರಾತ್ರಿಯ ಮಳೆ ಸುದ್ದಿಯನ್ನು ಕರಿಹಲಗೆ ಮೇಲೆ ಬರೀಬೇಕು. ಓದೋಕೆ ಬಾರದವರಿಗೆ ಬಾಯಲ್ಲಿ ಹೇಳಬೇಕು. ಫ್ಯಾಟು ಎಷ್ಟು ಬಂತು ಅಂತ ಹೇಳೋ ಬಾಯಲ್ಲೇ ಇದನ್ನೂ ಹೇಳಿದರೆ ಆಯ್ತು.

ಮೂರನೆಯದು, ಹತ್ತು ಜನರ ತಂಡ. ಅದರಲ್ಲಿ ನಾಲ್ಕು ಜನವಾದರೂ ಹೆಂಗಸರಿರಬೇಕು. ಹಗಲು ಊರಲ್ಲಿರೋರು ಅವರೇ, ಗಂಡಸರು ಅರ್ಧ ಜನ ವೈಟ್‌ಫೀಲ್ಡು, ಮಹದೇವಪುರದ ಕಡೆ ಕೆಲಸಕ್ಕೆ ಹೋಗಿರುತ್ತಾರೆ. ಇವರಿಗೆ ಅಗ್ನಿಶಾಮಕ ದಳದವರಿಂದ, ಆಸ್ಪತ್ರೆಯವರಿಂದ, ಪಶುವೈದ್ಯರಿಂದ ತರಬೇತಿ ಕೊಡಿಸೋಣ. ಮುಳುಗಿದವರನ್ನು ಹೇಗೆ ಎಳೆಯಬೇಕು, ಕರೆಂಟು ಹರಿದ ನೀರಿಗೆ ಯಾಕೆ ಇಳಿಯಬಾರದು, ಹಾವು ಕಚ್ಚಿದರೆ ಕೊಯ್ದು ಕಟ್ಟದೆ ಸೀದಾ ಆಸ್ಪತ್ರೆಗೆ ಯಾಕೆ ಒಯ್ಯಬೇಕು ಅಂತ ಕಲಿಯಬೇಕು. ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ, ಬಸುರಿ ಬಾಣಂತಿ ಇದ್ದಾರೆ, ಯಾರ ಟ್ರಾಕ್ಟರು ರಾತ್ರಿ ಎಬ್ಬಿಸಿದರೆ ಬರುತ್ತೆ ಅನ್ನೋ ಪಟ್ಟಿ ಡೈರಿ ಗೋಡೆ ಮೇಲಿರಬೇಕು.

ನಾಲ್ಕನೆಯದು ದನಕರು. ಕೊಟ್ಟಿಗೆಯಲ್ಲಿ ಮಳೆಗಾಲದ ರಾತ್ರಿ, ಎಳೆದರೆ ಬಿಚ್ಚಿಕೊಳ್ಳೋ ಗಂಟು ಹಾಕಬೇಕು. ಗಂಟು ಹಾಕೋದನ್ನು ಮಕ್ಕಳಿಗೂ ಕಲಿಸಿ. ಹಿಂಡಿ ಬೂಸಾ ಮೂಟೆಗಳನ್ನು ಅಟ್ಟಣಿಗೆ ಮೇಲಿಡಿ. ನೆನೆದು ಬೂಸ್ಟು ಹಿಡಿದದ್ದನ್ನು ಹಸುವಿಗೆ ಹಾಕಬೇಡಿ, ವಿಷ ಹಾಲಿಗೂ ಬರುತ್ತೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಆಗಬೇಕು. ಎಲ್ಲಾ ಹಸುವಿಗೂ ಕಿವಿಯೋಲೆ, ವಿಮೆ ಆಗಬೇಕು. ದೇವರು ಹಾಗಾಗದಿರಲಿ, ಆದರೂ ಒಂದು ಹಸು ಸತ್ತರೆ ಹೂಳೋಕೆ ಮುಂಚೆ ವೈದ್ಯರನ್ನು, ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ, ಕಿವಿಯೋಲೆ ಕಾಣೋ ಹಾಗೆ ಫೋಟೋ ತೆಗೀರಿ. ನಾವು ಮಾಡಿದ ತಪ್ಪು ಇನ್ನೊಬ್ಬರು ಮಾಡಬೇಡಿ. ಗುಡುಗು ಕೇಳಿದ ತಕ್ಷಣ ಹುಣಸೆ ಮರ, ಹೊಂಗೆ ಮರದ ಕೆಳಗೆ ನಿಲ್ಲೋದು ಬಿಡಿ, ಗಟ್ಟಿ ಮನೆಯೊಳಗೆ ಸೇರಿ.

ಐದನೆಯದು ದುಡ್ಡು. ಸಂಘದ ಲಾಭದಲ್ಲಿ ಧರ್ಮಾರ್ಥ ನಿಧಿ ಅಂತ ತೆಗೆದಿಡ್ತೀವಿ. ಅದರಲ್ಲಿ ಒಂದು ಪಾಲು ಇದಕ್ಕೆ ಕೊಡಿ. ಉದ್ದದ ಹಗ್ಗ, ಟಾರ್ಚು, ಟಾರ್ಪಾಲು, ಗಾಳಿ ತುಂಬಿದ ಲಾರಿ ಟ್ಯೂಬು, ಸುಣ್ಣ, ಬ್ಲೀಚಿಂಗ್ ಪುಡಿ ತಂದು ಡೈರಿಯಲ್ಲಿಡೋಣ. ಈ ಬೆಳ್ಳಿಹಬ್ಬಕ್ಕೆ ನಾವು ಹಾಕಿದ ಶಾಮಿಯಾನ, ಹಾರ ತುರಾಯಿಗಿಂತ ಇದಕ್ಕೆ ಹೆಚ್ಚು ಖರ್ಚಾಗೋದಿಲ್ಲ.

ಇಷ್ಟಾದರೂ ಸರ್ಕಾರ ಮಾಡಬೇಕಾದ ಕೆಲಸ ನಾವೇ ಮುಗಿಸಿಬಿಡ್ತೀವಿ ಅಂತಲ್ಲ. ಕೊಳಚೆ ನಿಲ್ಲಿಸೋದು, ದೊಡ್ಡ ರಾಜಕಾಲುವೆ ಬಿಡಿಸೋದು, ಮೋರಿ ಅಗಲ ಮಾಡೋದು ಅವರದೇ. ಅದನ್ನು ಕೇಳಲೇಬೇಕು. ಆದರೆ ಮೂರು ಊರಿನ ಸಂಘಗಳು ಒಟ್ಟಿಗೆ ಒಂದೇ ಅರ್ಜಿ ಹಿಡಿದು ಹೋದರೆ "ನಮ್ಮ ವ್ಯಾಪ್ತಿಯಲ್ಲ" ಅಂತ ಸುಲಭವಾಗಿ ಹೇಳೋಕಾಗೋದಿಲ್ಲ. ನಮ್ಮ ಕಾಲುವೆ ನಾವು ಮುಚ್ಚಿಕೊಂಡು ಅವರ ಮೋರಿ ದೊಡ್ಡದಾಗಲಿ ಅಂತ ಕೇಳೋಕೆ ನಮಗೂ ಬಾಯಿ ಬರೋದಿಲ್ಲ.

ಹೆಚ್ಚು ಮಾತಾಡಿದೆ, ಕ್ಷಮಿಸಿ. ಇಪ್ಪತ್ತೈದು ವರ್ಷದಿಂದ ನಾವು ಒಂದೇ ಕ್ಯಾನಿಗೆ ಹಾಲು ಸುರಿದಿದ್ದೇವೆ. ನನ್ನ ಹಾಲು ನಿನ್ನ ಹಾಲು ಅಂತ ಅಲ್ಲಿ ಬೇರೆ ಮಾಡೋಕಾಗಲ್ಲ. ನೀರೂ ಹಾಗೇ. ಮೇಲಿನೂರಿಂದ ಬಂದು, ನಮ್ಮೂರಲ್ಲಿ ಹಾದು, ಕೆಳಗಿನೂರಿಗೆ ಹೋಗುತ್ತೆ. ಆಯಮ್ಮ ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅತ್ತೆ, ಅವತ್ತು ನೀವು "ನೀನೇನ್ ಮಾಡ್ತೀಯಪ್ಪಾ" ಅಂದಿರಿ. ಮಾಡಬಹುದಾಗಿತ್ತು ಅತ್ತೆ. ಮಾಡಲಿಲ್ಲ. ಇನ್ನು ಮೇಲೆ ಮಾಡ್ತೀವಿ.

ಈ ಐದು ವಿಷಯಗಳನ್ನು ಸಭೆ ಒಪ್ಪಿ ನಡಾವಳಿಯಲ್ಲಿ ಬರೆಸಬೇಕು ಅಂತ ಕೇಳಿಕೊಳ್ತೀನಿ.

ಜೈ ಸಹಕಾರ, ಜೈ ಕರ್ನಾಟಕ.